ಓಡುವ ಮಾತು, ನಡೆಯುವ ಮಾತು

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ಬದುಕಿದವನು ನಾನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳ ಬರಹದ ಪುಸ್ತಕಗಳಲ್ಲಿ ಕೆಂಪು ಶಾಯಿಯ ಗೆರೆಗಳನ್ನು ಎಳೆದಿದ್ದೇನೆ. ಆ ಗೆರೆಗಳೆಲ್ಲ ನೆನಪಿನಲ್ಲಿ ಉಳಿದಿಲ್ಲ. ಉಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ಒಂದು ಗೆರೆ ಮಾತ್ರ ಅಳಿಸಿದರೂ ಅಳಿಯದೆ ನಿಂತುಬಿಟ್ಟಿದೆ. ಅದನ್ನು ನಾನು ಎಳೆಯಬಾರದಾಗಿತ್ತು ಎಂಬುದು ನನಗೆ ಮನದಟ್ಟಾಗುವುದಕ್ಕೆ ಹಲವು ವರ್ಷಗಳೇ ಬೇಕಾದವು.

ಉದ್ಯೋಗಕ್ಕೆ ಸೇರಿದ ಹೊಸತು. ಒಂಬತ್ತನೆಯ ತರಗತಿಯವರಿಗೆ ಭಾಷಾಂತರದ ಅಭ್ಯಾಸ ಕೊಟ್ಟಿದ್ದೆ. ತಮ್ಮ ಮನೆಯ ವಿಚಾರವಾಗಿ ಕನ್ನಡದಲ್ಲಿ ಐದು ವಾಕ್ಯ ಬರೆದು, ಅವನ್ನೇ ಇಂಗ್ಲಿಷಿಗೆ ತಿರುಗಿಸಬೇಕು. ಬಸ್ ನಿಲ್ದಾಣದ ಹಿಂದೆ ಚಿಕ್ಕದೊಂದು ಹೋಟೆಲು ಇಟ್ಟುಕೊಂಡಿದ್ದವರ ಮಗನೊಬ್ಬ ಆ ತರಗತಿಯಲ್ಲಿದ್ದ. 'ನಮ್ಮ ತಂದೆಯವರು ಒಂದು ಸಣ್ಣ ಹೋಟೆಲು ನಡೆಸುತ್ತಾರೆ' ಎಂದು ಅವನು ಕನ್ನಡದಲ್ಲಿ ಬರೆದಿದ್ದ. ಅದರ ಎದುರಿಗೆ ದುಂಡಾದ ಅಕ್ಷರಗಳಲ್ಲಿ ಇಂಗ್ಲಿಷ್ ವಾಕ್ಯ: 'ಮೈ ಫಾದರ್ ವಾಕ್ಸ್ ಎ ಸ್ಮಾಲ್ ಹೋಟೆಲ್.'

ನಾನು ಅದನ್ನು ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನಿಮ್ಮ ಹೋಟೆಲಿಗೆ ಕಾಲು ಯಾವಾಗ ಬಂತಪ್ಪ?" ಎಂದೂ ಸೇರಿಸಿದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ನಗು ಅಡಗಿದ ಮೇಲೆ 'ವಾಕ್ಸ್' ಎಂಬುದರ ಮೇಲೆ ಕೆಂಪು ಗೆರೆ ಎಳೆದು, ಕರಿಹಲಗೆಯ ಮೇಲೆ 'ರನ್ಸ್' ಎಂದು ಬರೆದೆ. ಹುಡುಗ ನಿಂತೇ ಇದ್ದ. ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ ಕೇಳಿದ: "ನಡೆಯೋಕೆ ಕಾಲಿಲ್ಲದ ಹೋಟೆಲು ಓಡೋದು ಹೇಗೆ ಸಾರ್?"

ಉದ್ಧಟತನದಿಂದ ಕೇಳಿದ ಪ್ರಶ್ನೆಯಲ್ಲ ಅದು. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳುವ ಧೈರ್ಯವಾದರೂ ಇತ್ತೆ? ಅದೂ ಇರಲಿಲ್ಲ. "ಇಂಗ್ಲಿಷಿನಲ್ಲಿ ಹಾಗೇ. ಬಾಯಿಪಾಠ ಮಾಡು, ಕೂತ್ಕೋ" ಎಂದೆ. ಅವನು ಕುಳಿತ. ಆಮೇಲೆ ಎರಡು ವರ್ಷ ನನ್ನ ತರಗತಿಯಲ್ಲಿದ್ದರೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿ ಇಂಗ್ಲಿಷಿನಲ್ಲಿ ಮಾತ್ರ ಅನುತ್ತೀರ್ಣನಾದ. ಒಂದು ಕೆಂಪು ಗೆರೆಯಿಂದಲೇ ಹೀಗಾಯಿತೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಆದರೆ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಹುಡುಕಿಕೊಂಡು ನಾನು ನಿಘಂಟುಗಳ ಬಳಿಗೆ ಹೋದದ್ದು ಬಹಳ ತಡವಾಗಿ. ಹೋದಮೇಲೆ ಬೆರಗಾದೆ. ಇಂಗ್ಲಿಷಿನಲ್ಲಿ ಕಠಿಣವಾದ ಪದ ಯಾವುದು ಎಂದು ಕೇಳಿದರೆ ವಿದ್ಯಾರ್ಥಿಗಳು ಹನ್ನೆರಡು ಹದಿಮೂರು ಅಕ್ಷರಗಳ ಉದ್ದನೆಯ ಪದವೊಂದನ್ನು ತೋರಿಸುತ್ತಾರೆ. ನಿಘಂಟುಕಾರರನ್ನು ಕೇಳಿದರೆ ಅವರು ತೋರಿಸುವುದು ಎರಡು ಮೂರು ಅಕ್ಷರಗಳ ಪುಟ್ಟ ಕ್ರಿಯಾಪದಗಳನ್ನು. 1755ರಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯಲ್ ಜಾನ್ಸನ್, ಅದರ ಮುನ್ನುಡಿಯಲ್ಲಿ ಈ ಸಂಕಟವನ್ನು ಮರೆಮಾಚದೆ ತೋಡಿಕೊಂಡಿದ್ದಾನೆ. ಹಿಡಿದಲ್ಲಿ ನಿಲ್ಲದೆ ಜಾರಿಕೊಳ್ಳುವ ಇಂಥ ಸಣ್ಣ ಕ್ರಿಯಾಪದಗಳ ಪಟ್ಟಿಯನ್ನೇ ಅವನು ಕೊಡುತ್ತಾನೆ. ಅದರಲ್ಲಿ 'ರನ್' ಸಹ ಇದೆ. 'ಟೇಕ್' ಎಂಬ ಒಂದು ಪದಕ್ಕೆ ಅವನು 134 ಅರ್ಥಗಳನ್ನು ಬಿಡಿಸಿ ಹೇಳಬೇಕಾಯಿತು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 1879ರಲ್ಲಿ ಜೇಮ್ಸ್ ಮರ್ರೆ ಅದರ ಸಂಪಾದಕತ್ವವನ್ನು ವಹಿಸಿಕೊಂಡಾಗ ಹತ್ತು ವರ್ಷಗಳಲ್ಲಿ ಕೆಲಸ ಮುಗಿದೀತೆಂಬ ಎಣಿಕೆಯಿತ್ತು. 1884ರಲ್ಲಿ ಮೊದಲನೆಯ ಸಂಚಿಕೆ ಹೊರಬಂದಾಗ ಅದು 'ಆ್ಯಂಟ್', ಎಂದರೆ ಇರುವೆ ಎಂಬ ಪದದವರೆಗೆ ಮಾತ್ರ ತಲುಪಿತ್ತು. ಕೆಲಸದ ವೇಗವೂ ಇರುವೆಯದೇ. 1915ರಲ್ಲಿ ಮರ್ರೆ ತೀರಿಕೊಂಡರು. ನಿಘಂಟು ಸಂಪೂರ್ಣವಾದದ್ದು 1928ರಲ್ಲಿ. 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು 'ಸೆಟ್' ಎಂಬ ಕ್ರಿಯಾಪದದ್ದಾಗಿತ್ತು: ಸುಮಾರು 430 ಅರ್ಥಗಳು, ಅವುಗಳ ವಿವರಣೆಗೆ ಸುಮಾರು 60,000 ಪದಗಳು. ಒಂದು ಕಾದಂಬರಿಗೆ ಸಾಕಾಗುವಷ್ಟು ಮಾತು! ಮೂರನೆಯ ಆವೃತ್ತಿಗಾಗಿ ಹಳೆಯ ನಮೂದುಗಳನ್ನು ಪರಿಷ್ಕರಿಸತೊಡಗಿದಾಗ 'ಸೆಟ್' ತನ್ನ ಪಟ್ಟವನ್ನು ಕಳೆದುಕೊಂಡಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಒಂದೇ ಒಂದು ಕ್ರಿಯಾಪದದೊಡನೆ ಒಂಬತ್ತು ತಿಂಗಳು ಸೆಣಸಿ, ಅದಕ್ಕೆ 645 ಅರ್ಥಗಳಿವೆಯೆಂದು ಲೆಕ್ಕ ಹಾಕಿದ ಸಂಗತಿ 2011ರಲ್ಲಿ ಪ್ರಕಟವಾಯಿತು. ಆ ಪದವೇ ನಮ್ಮ 'ರನ್'.

ಮೂರೇ ಅಕ್ಷರಗಳ ಈ ಪದ ಇಷ್ಟೊಂದು ಭಾರವನ್ನು ಹೊರುವುದು ಹೇಗೆ? ಇಂಗ್ಲಿಷರ ದಿನಚರಿಯಲ್ಲಿ ಅದರ ಹಿಂದೆಯೇ ಸ್ವಲ್ಪ ದೂರ ಹೋಗಿ ನೋಡಬಹುದು. ಬೆಳಿಗ್ಗೆ ಎದ್ದವನು ನಲ್ಲಿ ತಿರುಗಿಸಿದರೆ ನೀರು 'ರನ್' ಆಗುತ್ತದೆ. ನೆಗಡಿಯಾಗಿದ್ದರೆ ಮೂಗೂ ಹಾಗೆಯೇ. ಹೊಸ ಬಟ್ಟೆಯನ್ನು ನೆನೆಹಾಕಿದರೆ ಅದರ ಬಣ್ಣ 'ರನ್' ಆಗುತ್ತದೆ. ಮನೆಯ ಮುಂದಿನ ರಸ್ತೆ, ಇದ್ದಲ್ಲಿಯೇ ಬಿದ್ದುಕೊಂಡಿದ್ದರೂ, ಈ ಊರಿನಿಂದ ಆ ಊರಿಗೆ 'ರನ್' ಆಗುತ್ತದೆ. ಪತ್ರಿಕೆ ಒಂದು ಸುದ್ದಿಯನ್ನು 'ರನ್' ಮಾಡುತ್ತದೆ. ಮಗುವಿಗೆ ಜ್ವರ ಬಂದರೆ ಮಗು ಅದನ್ನು 'ರನ್' ಮಾಡುತ್ತದೆ; ಹಾಸಿಗೆ ಬಿಟ್ಟು ಏಳಲಾಗದಿದ್ದರೂ ಸರಿಯೆ. ನಾಟಕವೊಂದು ಜನಪ್ರಿಯವಾದರೆ ಅದರ 'ರನ್' ದೀರ್ಘವಾಗುತ್ತದೆ. ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರಾಪ್' ಲಂಡನ್ನಿನಲ್ಲಿ 1952ರಲ್ಲಿ ಆರಂಭವಾದದ್ದು 2020ರಲ್ಲಿ ಸಾಂಕ್ರಾಮಿಕ ರೋಗ ರಂಗಮಂದಿರಗಳ ಬಾಗಿಲು ಹಾಕಿಸುವವರೆಗೂ ಎಡೆಬಿಡದೆ ಪ್ರದರ್ಶನಗೊಂಡಿತು. ಕ್ರಿಕೆಟ್ ಆಟದಲ್ಲಂತೂ ಸೋಜಿಗ. ಚೆಂಡು ಗೆರೆ ದಾಟಿದರೆ ಆಟಗಾರ ಒಂದು ಹೆಜ್ಜೆಯನ್ನೂ ಇಡದೆ ನಾಲ್ಕು 'ರನ್' ಗಳಿಸುತ್ತಾನೆ.

ಈ ಪದಕ್ಕೆ 'ಅಪ್', 'ಡೌನ್', 'ಔಟ್', 'ಓವರ್' ಎಂಬ ಪುಟ್ಟ ಬಾಲಗಳು ಅಂಟಿಕೊಂಡಾಗ ಗೊಂದಲ ಮತ್ತೂ ಹೆಚ್ಚುತ್ತದೆ. 'ರನ್ ಡೌನ್' ಎಂದರೆ ವಾಹನವು ದಾರಿಹೋಕನನ್ನು ಕೆಡವುವುದೂ ಹೌದು, ಒಬ್ಬರನ್ನು ಹೀನಾಯವಾಗಿ ಮಾತಾಡುವುದೂ ಹೌದು. ಕೀಲಿ ಮುಗಿದು ಗಡಿಯಾರ ನಿಲ್ಲುವುದೂ ಅದೇ. 'ರನ್ ಓವರ್' ಎಂದರೆ ಪಾತ್ರೆ ತುಂಬಿ ತುಳುಕಬಹುದು, ನಾಯಿ ಚಕ್ರದ ಕೆಳಗೆ ಸಿಕ್ಕಬಹುದು, ಉಪನ್ಯಾಸಕರು ಗೊತ್ತಾದ ಹೊತ್ತನ್ನು ಮೀರಬಹುದು. 'ರನ್ ಥ್ರೂ' ಎಂದರೆ ಬರಹದ ಮೇಲೆ ಕಣ್ಣಾಡಿಸಿದರೂ ಆಯಿತು, ಪಿತ್ರಾರ್ಜಿತವನ್ನು ಉಡಾಯಿಸಿದರೂ ಆಯಿತು, ಕತ್ತಿಯಿಂದ ಎದೆಯನ್ನು ಇರಿದರೂ ಆಯಿತು. ಹೋಟೆಲಿನಲ್ಲಿ ತಿಂಗಳಿಡೀ ಕಾಫಿ ಕುಡಿದು ಸಾಲದ ಲೆಕ್ಕ ಬೆಳೆಸುವುದು 'ರನ್ ಅಪ್'. ಧ್ವಜವನ್ನು ಏರಿಸುವುದೂ, ಅವಸರದಲ್ಲಿ ಒಂದು ಅಂಗಿಯನ್ನು ಹೊಲಿದುಕೊಡುವುದೂ 'ರನ್ ಅಪ್'.

ಇದರ ಪರಮಾವಧಿಯೆಂದರೆ ಬ್ಯಾಂಕಿನ 'ರನ್'. ಠೇವಣಿದಾರರಿಗೆ ಭಯ ಹುಟ್ಟಿ ಎಲ್ಲರೂ ಒಮ್ಮೆಗೇ ಹಣವನ್ನು ಹಿಂದಕ್ಕೆ ಕೇಳುವುದಕ್ಕೆ ಇಂಗ್ಲಿಷಿನಲ್ಲಿ ಬ್ಯಾಂಕಿನ ಮೇಲಿನ ಓಟವೆಂದು ಹೆಸರು. 2007ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಇಂಥದು ನಡೆಯಿತು. ಅಂದಿನ ಚಿತ್ರಗಳಲ್ಲಿ ಕಾಣುವುದೇನು? ಜನ ಬೀದಿಯುದ್ದಕ್ಕೂ ಸಾಲಾಗಿ ನಿಂತಿದ್ದಾರೆ. ನಿಂತಿರುವವರ ಓಟ ಅದು! ಕನ್ನಡದ ಪತ್ರಕರ್ತನೊಬ್ಬ ಅವಸರದಲ್ಲಿ 'ಬ್ಯಾಂಕಿನ ಮೇಲೆ ಓಟ' ಎಂದು ತಲೆಬರಹ ಕೊಟ್ಟರೆ ಓದುಗನಿಗೆ ತಲೆಬುಡ ತಿಳಿಯದು. 'ಮುಗಿಬಿದ್ದರು' ಎಂದರೆ ಕೂಡಲೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಅವರು ಓಡಿದರು, ಕನ್ನಡದಲ್ಲಿ ಬಿದ್ದರು.

ಇಷ್ಟನ್ನೂ ನೋಡಿದವರು 'ರನ್' ಎಂಬುದು ಅಂಕೆಯಿಲ್ಲದ ಪದ, ಅದಕ್ಕೆ ಹೇಳುವವರು ಕೇಳುವವರು ಇಲ್ಲ ಎಂದುಕೊಂಡಾರು. ಹಾಗಲ್ಲ. ಅದರ ಚರಿತ್ರೆಯನ್ನು ನೋಡಿದರೆ ಒಂದರಿಂದ ಒಂದು ಅರ್ಥ ಕವಲೊಡೆದ ಬಗೆ ಕಾಣುತ್ತದೆ. ಈ ಪದದ ಬುಡದಲ್ಲಿಯೇ ಕಾಲಿನ ಓಟದ ಜೊತೆಗೆ ನೀರಿನ ಹರಿವೂ ಇತ್ತು. ಅದರ ದಾಯಾದಿಗಳಾಗಿ ಜರ್ಮನ್ ಭಾಷೆಯಲ್ಲಿ ಇಂದಿಗೂ ಎರಡು ಪದಗಳಿವೆ: 'ರೆನ್ನೆನ್' ಎಂದರೆ ಓಡುವುದು, 'ರಿನ್ನೆನ್' ಎಂದರೆ ಹರಿಯುವುದು, ಸೋರುವುದು. ಹರಿಯುವ ನೀರಿನಿಂದ ಸೋರುವ ಮೂಗಿಗೆ, ಹರಡುವ ಬಣ್ಣಕ್ಕೆ ಒಂದೊಂದೇ ಹೆಜ್ಜೆ. ಹೊಳೆ ಗೆರೆ ಎಳೆದಂತೆ ಸಾಗುವುದರಿಂದ, ಗೆರೆಯಂತೆ ಚಾಚಿಕೊಂಡ ರಸ್ತೆ, ಗೋಡೆ, ಬೆಟ್ಟದ ಸಾಲುಗಳೂ ಅದೇ ಪದಕ್ಕೆ ಒಳಪಟ್ಟವು. ಯಂತ್ರಯುಗ ಬಂದಮೇಲೆ ರೈಲು ಓಡಿತು. ರೈಲಿನ ಹಿಂದೆ ಗಿರಣಿಯ ಚಕ್ರ, ಚಕ್ರದ ಹಿಂದೆ ಕಾರ್ಖಾನೆ. ನಮ್ಮ ಕಾಲದ ಗಣಕಯಂತ್ರದ ಕ್ರಮವಿಧಿಯೂ 'ರನ್' ಆಗುವುದು ಈ ವಂಶದಲ್ಲಿ ಹುಟ್ಟಿಯೇ.

ಯಂತ್ರವನ್ನು ಚಲಿಸುವಂತೆ ಮಾಡುವವನು ಅದನ್ನು 'ರನ್' ಮಾಡುತ್ತಾನೆಂದ ಮೇಲೆ, ಅಂಗಡಿಯನ್ನು, ಶಾಲೆಯನ್ನು, ಹೋಟೆಲನ್ನು ಚಲಿಸುವಂತೆ ಮಾಡುವವನೂ ಹಾಗೆಯೇ ತಾನೆ? ಆದರೆ ವ್ಯವಹಾರ ನಡೆಸುವುದೆಂಬ ಈ ಅರ್ಥ ತೀರ ಹಳೆಯದಲ್ಲ; ಅದು ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ಅಮೆರಿಕದಲ್ಲಿ. ಇದನ್ನು ತಿಳಿದ ದಿನ ನಾನು ಪುಸ್ತಕವನ್ನು ಮುಚ್ಚಿ ಸುಮ್ಮನೆ ಕುಳಿತುಬಿಟ್ಟೆ. ಹದಿನೆಂಟನೆಯ ಶತಮಾನದ ಜಾನ್ಸನ್ ಮಹಾಶಯನ ಮುಂದೆ 'ನನ್ನ ತಂದೆ ಒಂದು ಹೋಟೆಲನ್ನು ರನ್ ಮಾಡುತ್ತಾರೆ' ಎಂಬ ವಾಕ್ಯವನ್ನು ಇಟ್ಟಿದ್ದರೆ ಅವನೂ ಹುಬ್ಬೇರಿಸಿ, ಹೋಟೆಲು ಓಡುವುದು ಹೇಗೆಂದು ಕೇಳುತ್ತಿದ್ದನೋ ಏನೋ. ನಮ್ಮ ಊರಿನ ಹುಡುಗ ಕೇಳಿದ್ದು ಅದೇ ಪ್ರಶ್ನೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕನ್ನಡದಲ್ಲಿ ತಾನೇ ಮಾಡುವುದಕ್ಕೂ ಬೇರೊಂದರಿಂದ ಮಾಡಿಸುವುದಕ್ಕೂ ವ್ಯತ್ಯಾಸ ತೋರಿಸಲು 'ಇಸು' ಎಂಬ ಪ್ರತ್ಯಯವಿದೆ. ಓಡು, ಓಡಿಸು, ನಡೆ, ನಡೆಸು. ಹಳೆಯ ಇಂಗ್ಲಿಷಿನಲ್ಲಿಯೂ ತಾನೇ ಓಡುವುದಕ್ಕೆ ಒಂದು ರೂಪ, ಓಡಿಸುವುದಕ್ಕೆ ಬೇರೊಂದು ರೂಪ ಇದ್ದವು. ಕಾಲಕ್ರಮದಲ್ಲಿ ಅವೆರಡೂ ಬೆರೆತು ಒಂದೇ 'ರನ್' ಉಳಿಯಿತು. ಕುದುರೆಯೂ 'ರನ್' ಮಾಡುತ್ತದೆ; ಸವಾರನೂ ಕುದುರೆಯನ್ನು 'ರನ್' ಮಾಡುತ್ತಾನೆ. 'ವಾಕ್' ಎಂಬುದರ ಕಥೆಯೂ ಹಾಗೆಯೇ: ಸಂಜೆಯ ಹೊತ್ತು ನಾಯಿಯನ್ನು ತಿರುಗಾಡಿಸುವವನು ನಾಯಿಯನ್ನು 'ವಾಕ್' ಮಾಡುತ್ತಾನೆಂದು ಒಳ್ಳೆಯ ಇಂಗ್ಲಿಷಿನಲ್ಲಿಯೇ ಹೇಳಬಹುದು. ಎಂದಮೇಲೆ 'ನಡೆಸು' ಎಂಬುದಕ್ಕೆ 'ವಾಕ್' ಎಂದು ಬರೆದ ಹುಡುಗನ ವ್ಯಾಕರಣದಲ್ಲಿ ದೋಷವಿರಲಿಲ್ಲ, ತರ್ಕದಲ್ಲಿಯೂ ಇರಲಿಲ್ಲ. ರೂಢಿಯೊಂದು ಅವನಿಗೆ ತಿಳಿದಿರಲಿಲ್ಲ, ಅಷ್ಟೆ. ರೂಢಿಯನ್ನು ಹೇಳಿಕೊಡುವುದಕ್ಕೆಂದೇ ನನಗೆ ಸಂಬಳ ಬರುತ್ತಿತ್ತು.

ನಮ್ಮ ಭಾಷೆಯೇನು ಕಡಿಮೆಯೆ? ಇಂಗ್ಲಿಷಿನ ಸಂಸಾರವನ್ನು 'ರನ್' ಹೊತ್ತುಕೊಂಡಿರುವಂತೆ ಕನ್ನಡದ ಸಂಸಾರವನ್ನು 'ನಡೆ' ಹೊತ್ತುಕೊಂಡಿದೆ. ಮಗು ನಡೆಯುತ್ತದೆ, ಸರಿ. ಮದುವೆ ನಡೆಯುತ್ತದೆ, ಜಗಳವೂ ನಡೆಯುತ್ತದೆ. ಅನೇಕ ವೇಳೆ ಎರಡೂ ಒಂದೇ ಚಪ್ಪರದಲ್ಲಿ. ಪಾಠ ನಡೆಯುತ್ತದೆ, ವ್ಯಾಪಾರ ನಡೆಯುತ್ತದೆ. ಸವೆದ ನಾಣ್ಯ ನಡೆಯುವುದಿಲ್ಲ. ಅತ್ತೆಯ ಮುಂದೆ ಸೊಸೆಯ ಮಾತು ನಡೆಯುವುದಿಲ್ಲ. ಕಾಲ ಬದಲಾದ ಮೇಲೆ ಸೊಸೆಯ ಮುಂದೆ ಅತ್ತೆಯದೂ ನಡೆಯುವುದಿಲ್ಲ. ಸಕ್ಕರೆ ಮುಗಿದಿದ್ದರೆ ಬೆಲ್ಲವೂ ನಡೆಯುತ್ತದೆ. ಕೊಟ್ಟ ಮಾತನ್ನು ನಡೆಸಿಕೊಡುತ್ತೇವೆ, ಹಿರಿಯರು ಹೇಳಿದಂತೆ ನಡೆದುಕೊಳ್ಳುತ್ತೇವೆ, ಚದುರಂಗದಲ್ಲಿ ಒಂದು ನಡೆ ತಪ್ಪಿದರೆ ಸೋಲುತ್ತೇವೆ. ಮನುಷ್ಯನ ಗುಣವನ್ನು ಅಳೆಯುವ ಪದಗಳು ಸಹ ಇದರ ಮಕ್ಕಳೇ: ನಡತೆ, ನಡವಳಿಕೆ, ನಡೆನುಡಿ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿ ಸುಮಾರು 70,000 ಶಬ್ದಗಳನ್ನು ಕೂಡಿಹಾಕಿದ ಕಿಟೆಲರ ಮನೆಮಾತು ಜರ್ಮನ್. ಕನ್ನಡದ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆಯುವಾಗ ಅವರಿಗೆ ಎರಡು ದಡಗಳೂ ಪರಭಾಷೆಯವೇ. ಅಂಥವರ ತಾಳ್ಮೆಯಲ್ಲಿ ನೂರರಲ್ಲೊಂದು ಪಾಲು ನನ್ನಲ್ಲಿದ್ದಿದ್ದರೂ ಆ ದಿನ ನಾನು ನಗುತ್ತಿರಲಿಲ್ಲ.

ಇಂಗ್ಲಿಷ್ ಓಡುವ ಅನೇಕ ಕಡೆಗಳಲ್ಲಿ ಕನ್ನಡ ನಡೆಯುತ್ತದೆ. ಅಂಗಡಿ, ಶಾಲೆ, ಸಂಸಾರ, ಪತ್ರಿಕೆ ಎಲ್ಲವನ್ನೂ ಅವರು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಇದರಿಂದ ಅವರು ಅವಸರದವರು, ನಾವು ನಿಧಾನಸ್ಥರು ಎಂದು ರಾಷ್ಟ್ರಗುಣವನ್ನು ನಿರ್ಣಯಿಸಲು ಹೊರಡುವುದು ಮಾತ್ರ ಜಾಣತನವಲ್ಲ. ಚುನಾವಣೆಯನ್ನೇ ನೋಡಿ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ 'ರನ್' ಆಗುತ್ತಾನೆ, ಎಂದರೆ ಓಡುತ್ತಾನೆ. ಇಂಗ್ಲೆಂಡಿನ ಅಭ್ಯರ್ಥಿ 'ಸ್ಟ್ಯಾಂಡ್' ಆಗುತ್ತಾನೆ, ಎಂದರೆ ನಿಲ್ಲುತ್ತಾನೆ. ಒಂದೇ ಭಾಷೆಯವರಲ್ಲಿ ಇಷ್ಟು ಭೇದ! ನಮ್ಮವರೂ ಚುನಾವಣೆಗೆ ನಿಲ್ಲುವವರೇ. ನಿಂತಮೇಲೆ ಎಷ್ಟು ಓಡಾಡುತ್ತಾರೆಂಬುದು ಬೇರೆಯ ಮಾತು. ಕನ್ನಡದ 'ಓಡು' ಸಹ ಸುಮ್ಮನೆ ಕುಳಿತಿಲ್ಲ. ಬಸ್ಸು ಓಡುತ್ತದೆ. ಲೆಕ್ಕ ಬಿಡಿಸಲು ಕುಳಿತರೆ ತಲೆ ಓಡುವುದಿಲ್ಲ. 1972ರ 'ಬಂಗಾರದ ಮನುಷ್ಯ' ಚಿತ್ರ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಚಿತ್ರ ಓಡುವುದಾದರೆ ಹೋಟೆಲು ಏಕೆ ಓಡಬಾರದು ಎಂದು ಹುಡುಗನಿಗೆ ನಾನು ಅಂದೇ ಕೇಳಬಹುದಾಗಿತ್ತು. ಅವನಿಗೂ ನಗು ಬರುತ್ತಿತ್ತು, ಅರ್ಥವೂ ಆಗುತ್ತಿತ್ತು.

ಪದಗಳ ಸಂಖ್ಯೆಯನ್ನು ಇಳಿಸಿದರೆ ಇಂಗ್ಲಿಷ್ ಸುಲಭವಾಗುತ್ತದೆಂದು ನಂಬಿದ ದೊಡ್ಡವರೂ ಇದ್ದಾರೆ. 1930ರಲ್ಲಿ ಸಿ. ಕೆ. ಆಗ್ಡನ್ ಎಂಬ ವಿದ್ವಾಂಸರು 850 ಪದಗಳ 'ಬೇಸಿಕ್ ಇಂಗ್ಲಿಷ್' ಅನ್ನು ಲೋಕದ ಮುಂದಿಟ್ಟರು. ಅದರಲ್ಲಿ ಕ್ರಿಯಾಪದಗಳು ಹದಿನೆಂಟೇ. 1943ರಲ್ಲಿ ಚರ್ಚಿಲ್ಲರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ತಮ್ಮ ಭಾಷಣದಲ್ಲಿ ಇದನ್ನು ಹೊಗಳಿದರು. ಯೋಜನೆ ಸೊಗಸಾಗಿತ್ತು, ಆದರೆ ಇಳಿಸಿದ ಭಾರ ಎಲ್ಲಿಗೆ ಹೋಗಬೇಕು? ಉಳಿದುಕೊಂಡ ಆ ಸಣ್ಣ ಪದಗಳ ಹೆಗಲಿಗೇ ಬಂತು. ಹದಿನೆಂಟು ಕ್ರಿಯಾಪದಗಳನ್ನು ಕಲಿತವನು ಅವುಗಳ ನೂರಾರು ಅರ್ಥಗಳನ್ನೂ ಅವುಗಳಿಗೆ ಹತ್ತುವ ಬಾಲಗಳನ್ನೂ ಕಲಿಯದೆ ಗತಿಯಿಲ್ಲ.

ಈ ಕಷ್ಟವನ್ನು ಸರಿಯಾಗಿ ಗುರುತಿಸಿದವರು ಮೈಕೇಲ್ ವೆಸ್ಟ್. ಅವರು ಬ್ರಿಟಿಷರ ಕಾಲದಲ್ಲಿ ಬಂಗಾಳದ ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣ ಕಾಲೇಜಿನಲ್ಲಿದ್ದವರು. ನಮ್ಮ ದೇಶದ ಮಕ್ಕಳು ಪರಭಾಷೆಯ ಓದಿನಲ್ಲಿ ಪಡುವ ಪಾಡನ್ನು ಕಣ್ಣಾರೆ ಕಂಡವರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2,000 ಪದಗಳ ಪಟ್ಟಿಯಲ್ಲಿ ಒಂದು ಹೊಸತನವಿತ್ತು. ಪದ ಎಷ್ಟು ಸಲ ಬರುತ್ತದೆಂಬುದನ್ನಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಅದರ ಒಂದೊಂದು ಅರ್ಥ ನೂರಕ್ಕೆ ಎಷ್ಟರಂತೆ ಬಳಕೆಯಾಗುತ್ತದೆಂಬುದನ್ನೂ ತೋರಿಸಿದರು. ಯಾವ ಅರ್ಥವನ್ನು ಮೊದಲು ಹೇಳಿಕೊಡಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡಬೇಕು ಎಂದು ತಿಳಿಯಬೇಕಾದ ಉಪಾಧ್ಯಾಯನಿಗೆ ಇದಕ್ಕಿಂತ ಉಪಕಾರವಾದ ಪುಸ್ತಕ ಯಾವುದಿದೆ? ನಾನು ಉಪಾಧ್ಯಾಯ ತರಬೇತಿಯಲ್ಲಿ ಅದರ ಹೆಸರನ್ನು ಕೇಳಿದ್ದೆ. ಪರೀಕ್ಷೆಯಲ್ಲಿ ಆ ಬಗ್ಗೆ ಒಂದು ಟಿಪ್ಪಣಿಯನ್ನೂ ಬರೆದಿದ್ದೆ. ಪುಸ್ತಕವನ್ನು ಬಿಡಿಸಿ ನೋಡಿದ್ದು ಮಾತ್ರ ಬಹುಕಾಲದ ಮೇಲೆ.

ಅಲ್ಲಿಂದ ಮುಂದೆ ನನ್ನ ಪಾಠದ ಕ್ರಮ ಬದಲಾಯಿತು. ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದವನ್ನು ಎದುರುಬದುರಾಗಿ ಬರೆಸಿ ಉರುಹೊಡೆಸುವುದನ್ನು ಬಿಟ್ಟೆ. ಮನುಷ್ಯನ ಹಾಗೆ ಪದವೂ. ಅದರ ಸ್ವಭಾವ ತಿಳಿಯಬೇಕಾದರೆ ಅದು ಯಾರ ಜೊತೆ ಓಡಾಡುತ್ತದೆ ಎಂಬುದನ್ನು ನೋಡಬೇಕು. ನೀರಿನ ಜೊತೆಗಿದ್ದಾಗ 'ರನ್' ಹರಿಯುತ್ತದೆ, ಮೂಗಿನ ಜೊತೆಗಿದ್ದಾಗ ಸೋರುತ್ತದೆ, ಅಂಗಡಿಯ ಜೊತೆಗಿದ್ದಾಗ ನಡೆಯುತ್ತದೆ. ಇಂಗ್ಲಿಷ್ ಪಾಠಕ್ಕೆ ಮುಂಚೆ ಮಕ್ಕಳಿಗೆ ಕನ್ನಡದ ಕೆಲಸವೊಂದನ್ನು ಕೊಡತೊಡಗಿದೆ: ಮನೆಯಲ್ಲಿ ಸಂಜೆಯಿಂದ ರಾತ್ರಿಯವರೆಗೆ ಯಾರು ಯಾರು 'ನಡೆ' ಎಂಬ ಪದವನ್ನು ಹೇಗೆ ಹೇಗೆ ಆಡುತ್ತಾರೆಂದು ಕೇಳಿಸಿಕೊಂಡು ಬರೆದುಕೊಂಡು ಬನ್ನಿ ಎಂದು. ಅಜ್ಜಿಯ ಬಾಯಿಂದ, ಅಪ್ಪನ ಬಾಯಿಂದ, ಬೀದಿಯ ಜಗಳದಿಂದ ಅವರು ತಂದ ವಾಕ್ಯಗಳು ಎಷ್ಟೊಂದು! ತಮ್ಮ ಮಾತಿನಲ್ಲಿಯೇ ಇಷ್ಟು ಸಂಪತ್ತು ಅಡಗಿದೆಯೆಂದು ಕಂಡ ಮಕ್ಕಳಿಗೆ ಇಂಗ್ಲಿಷಿನ 'ರನ್' ಭೂತವಾಗಿ ಕಾಣಲಿಲ್ಲ. 'ನಡೆ'ಯ ನೆರೆಮನೆಯವನಂತೆ ಕಂಡಿತು. ದೊಡ್ಡ ಪದಗಳಿಗೆ ಹೆದರಿ ಇಂಗ್ಲಿಷನ್ನು ಬಿಡುವವರು ಕಡಿಮೆ. ಸಣ್ಣ ಪದವೊಂದು ಕಾಲಿಗೆ ತೊಡರಿ ಬಿದ್ದಾಗ ಸುತ್ತಲಿನವರು ನಕ್ಕರಲ್ಲ, ಆ ನಗುವಿಗೆ ಹೆದರಿ ಬಿಡುವವರೇ ಹೆಚ್ಚು ಎಂಬುದು ನನ್ನ ಅನುಭವ.

ಕೆಲವು ವರ್ಷಗಳ ಹಿಂದೆ ಮದುವೆಯೊಂದರ ಸಲುವಾಗಿ ಆ ಊರಿಗೆ ಮತ್ತೆ ಹೋಗಬೇಕಾಯಿತು. ಬಸ್ಸಿನಿಂದ ಇಳಿದು ನಿಲ್ದಾಣದ ಹಿಂದಕ್ಕೆ ಹೋದೆ. ಹೋಟೆಲು ಇತ್ತು, ಹೆಂಚಿನ ಮಾಡು ಹೋಗಿ ತಾರಸಿಯಾಗಿತ್ತು. ಗಲ್ಲಾದ ಮುಂದೆ ಕುಳಿತಿದ್ದವನು ನನ್ನನ್ನು ಗುರುತಿಸಿ ಎದ್ದುಬಂದ. ತಲೆಗೂದಲು ಅರ್ಧ ನೆರೆತಿತ್ತು. ಕಾಫಿಯ ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ. "ಹೋಟೆಲು ಹೇಗಿದೆಯಪ್ಪ?" ಎಂದೆ. "ನಡೀತಾ ಇದೆ ಸಾರ್, ನಿಮ್ಮ ಆಶೀರ್ವಾದ" ಎಂದ. ಆ ಪದ ಅವನ ಬಾಯಿಂದ ಬಂದಾಗ ನನ್ನಲ್ಲಿದ್ದುದನ್ನು ಹೇಳಿಬಿಡಬೇಕೆನಿಸಿತು. ಅಂದಿನ ವಾಕ್ಯವನ್ನು ನೆನಪಿಸಿ, ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತೆಂದೂ ತಪ್ಪು ನನ್ನದೆಂದೂ ಹೇಳಿದೆ. ಅವನು ನಕ್ಕು, "ಅದೆಲ್ಲ ಈಗ ಯಾಕೆ ಸಾರ್" ಎಂದ. ಮೇಜನ್ನು ಒರೆಸಿದ. ಆಮೇಲೆ ತುಸು ತಗ್ಗಿದ ಧ್ವನಿಯಲ್ಲಿ, "ಮಗಳು ಒಂಬತ್ತನೇ ಕ್ಲಾಸು ಸಾರ್. ಇಂಗ್ಲಿಷಿನಲ್ಲಿ ಏನಾದರೂ ಕೇಳೋಕೆ ಬಂದರೆ, ಒಳಗೆ ಕೆಲಸ ಇದೆ ಅಂತ ಅಡುಗೆಮನೆಗೆ ಎದ್ದುಹೋಗ್ತೀನಿ" ಎಂದ.

ಮದುವೆಯ ಮನೆಗೆ ಸ್ವಲ್ಪ ತಡವಾಗಿ ಹೋದರಾಯಿತೆಂದು, ಮಗಳನ್ನು ಕರೆಸು ಎಂದೆ. ಹುಡುಗಿ ಪುಸ್ತಕ ಹಿಡಿದು ಬಂದು ಎದುರಿಗೆ ಕುಳಿತಳು. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ 'ನಡೆ', ಇನ್ನೊಂದು ಕಡೆ 'ರನ್' ಎಂದು ಬರೆದು, ನಿನ್ನ ತಂದೆ ಏನು ಕೆಲಸ ಮಾಡುತ್ತಾರೆ, ಮೊದಲು ಕನ್ನಡದಲ್ಲಿ ಹೇಳು ಎಂದೆ. ಅವಳು ಹೇಳಿದಳು. ನಾನು ನೀರಿನಿಂದ ಆರಂಭಿಸಿ ರೈಲಿಗೆ ಬಂದು, ರೈಲಿನಿಂದ ಹೋಟೆಲಿಗೆ ಬರುವ ಹೊತ್ತಿಗೆ ಹಾಳೆಯ ಮೇಲೆ ನೆರಳು ಬಿತ್ತು. ತಲೆಯೆತ್ತಿ ನೋಡಿದೆ. ಬಿಲ್ಲಿನ ಚೀಟಿ ಹಿಡಿದ ಗಿರಾಕಿಗಳಿಬ್ಬರು ಗಲ್ಲಾದ ಬಳಿ ಕಾಯುತ್ತಿದ್ದರು. ಗಲ್ಲಾದವನು ಅದನ್ನು ಬಿಟ್ಟುಬಂದು, ಮಗಳ ಹಿಂದೆ ನಿಂತು, ಅವಳ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ.